ಆರೂವರೆ ಗಂಟೆಯ ಅರ್ಥಗಾರಿಕೆ

ಅಮೆರಿಕದ ಅಧ್ಯಕ್ಷ ಪದವಿಗೆ ನಿಂತವರು ಟೀವಿಯಲ್ಲಿ ಎದುರುಬದುರಾಗಿ ವಾದ ಮಾಡುವುದು ಅಲ್ಲಿನ ಪೂರ್ವ ಕರಾವಳಿಯ ರಾತ್ರಿ ಒಂಬತ್ತಕ್ಕೆ. ಮುಂಬಯಿಯಲ್ಲಿ ಆಗ ಮಾರನೆಯ ದಿನ ಬೆಳಿಗ್ಗೆ ಆರೂವರೆ. ಹಾಲು ಬಂದಿರುತ್ತದೆ, ಪೇಪರು ಬಂದಿರುವುದಿಲ್ಲ. ಕೆಲಸದಿಂದ ನಿವೃತ್ತರಾದವರಿಗೆಂದೇ ಯಾರೋ ಹೊತ್ತು ನೋಡಿ ಇಟ್ಟ ಹಾಗಿದೆ. ಊರಿಗೆ ಹೋದಾಗ ಈ ಸಂಗತಿ ಹೇಳಿದರೆ, "ನಿಮಗ್ಯಾಕೆ ಅಲ್ಲಿಯ ಉಸಾಬರಿ?" ಎಂದು ನೆಂಟರು ನಗುತ್ತಾರೆ. ಉಸಾಬರಿ ಇದೆ. ನಾವು ಊರು ಬಿಟ್ಟು ಮುಂಬಯಿಗೆ ಬಂದೆವು, ನಮ್ಮ ಮಕ್ಕಳು ಮುಂಬಯಿ ಬಿಟ್ಟು ನ್ಯೂಜೆರ್ಸಿಗೋ ಟೆಕ್ಸಾಸಿಗೋ ಹೋದರು. ಪುಣೆ, ಚೆನ್ನೈ, ಹೈದರಾಬಾದುಗಳ ಕನ್ನಡಿಗರ ಮನೆಗಳಲ್ಲೂ ಈ ಕಥೆ ಹೊಸದಲ್ಲ. ಮಗ ಇರುವ ದೇಶದ ಅಧ್ಯಕ್ಷ ಯಾರಾಗುತ್ತಾನೆ ಎಂಬುದು ತಂದೆಗೆ ಪರದೇಶದ ಸುದ್ದಿಯಾಗಿ ಉಳಿಯುವುದಿಲ್ಲ.

ನಮ್ಮದು ನಾಲ್ಕು ಜನರ ಗುಂಪು. ಒಬ್ಬರು ಕುಂದಾಪುರದ ಕಡೆಯಿಂದ 1967ರಲ್ಲಿ, ಹದಿನಾಲ್ಕನೆಯ ವಯಸ್ಸಿಗೆ ಬಂದು, ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಕೊನೆಗೆ ಸ್ವಂತ ಹೋಟೆಲು ಮಾಡಿದವರು. ನಾವು ಅವರನ್ನು ಧಣಿಗಳು ಅನ್ನುತ್ತೇವೆ. ಇನ್ನೊಬ್ಬರು ಮುನಿಸಿಪಾಲಿಟಿಯ ಕನ್ನಡ ಶಾಲೆಯ ಮೇಷ್ಟ್ರು. ಮೂರನೆಯವರು ಧಾರವಾಡದ ರಾಯರು, ರೈಲ್ವೆಯಲ್ಲಿದ್ದವರು. ನಾಲ್ಕನೆಯವನು ನಾನು, ಬ್ಯಾಂಕಿನವನು. ಧಣಿಗಳ ಮನೆಯ ಟೀವಿ ದೊಡ್ಡದು, ಕಾಫಿ ಇನ್ನೂ ಒಳ್ಳೆಯದು, ಆದ್ದರಿಂದ ಸೇರುವುದು ಅಲ್ಲಿ.

ಇಲ್ಲಿ ನಾನು ವಿಮರ್ಶೆ ಮಾಡಹೊರಟಿರುವುದು ಆ ವಾದವನ್ನಷ್ಟೇ ಅಲ್ಲ, ಅದನ್ನು ನೋಡುತ್ತಾ ನಾವು ಆಡುವ ಮಾತನ್ನು ಕೂಡ. ಎರಡನ್ನೂ ಬಿಡಿಸಿ ನೋಡಲಿಕ್ಕೆ ಬರುವುದಿಲ್ಲ. ಟೀವಿಯ ವಾದ ಮುಗಿಯುವುದು ತೊಂಬತ್ತು ನಿಮಿಷಕ್ಕೆ. ಅದರ ಫಲಿತಾಂಶ ತೀರ್ಮಾನವಾಗುವುದು ಆಮೇಲೆ, ಗೆಳೆಯರ ಬಾಯಲ್ಲಿ.

2024ರ ಜೂನ್ 27ರ ವಾದವನ್ನೇ ತೆಗೆದುಕೊಳ್ಳಿ. ಅಟ್ಲಾಂಟಾದ ಸಿಎನ್‌ಎನ್ ಸ್ಟುಡಿಯೋ, ಒಂದು ಕಡೆ 81ರ ಬೈಡನ್, ಇನ್ನೊಂದು ಕಡೆ 78ರ ಟ್ರಂಪ್. ಸಭಿಕರಿಲ್ಲ. ಒಬ್ಬರು ಮಾತಾಡುವಾಗ ಇನ್ನೊಬ್ಬರ ಮೈಕು ಬಂದ್. ಕೈಯಲ್ಲಿ ಬರೆದು ತಂದ ಚೀಟಿ ಇಲ್ಲ. ಖಾಲಿ ಕಾಗದ, ಪೆನ್ನು, ಒಂದು ಬಾಟಲಿ ನೀರು. ಉತ್ತರಕ್ಕೆ ಎರಡು ನಿಮಿಷ, ಪ್ರತ್ಯುತ್ತರಕ್ಕೆ ಒಂದು. ಶುರುವಾಗಿ ಹದಿನೈದು ನಿಮಿಷ ಆಗಿಲ್ಲ, ಧಣಿಗಳು ಹೇಳಿದರು: "ಇವತ್ತು ಈ ವೇಷ ನಿಲ್ಲೂದಿಲ್ಲ ಮಾರಾಯ್ರೆ. ಭಾಗವತರು ಪದ್ಯ ಹೇಳಿ ಬಿಟ್ಟಾಯ್ತು, ಇವರಿಗೆ ಅರ್ಥ ಹೊರಡೂದಿಲ್ಲ."

ನಿಜವಾಗಿಯೂ ಹೊರಡಲಿಲ್ಲ. ಬೈಡನ್‌ರ ದನಿ ಒಡೆದಿತ್ತು, ಒಂದು ಉತ್ತರ ದಾರಿ ತಪ್ಪಿ ಎಲ್ಲಿಗೋ ಹೋಗಿ ನಿಂತಿತು. ಅದಕ್ಕಿಂತ ಕಷ್ಟವಾದದ್ದು ಅವರು ಮಾತಾಡದಿದ್ದಾಗ. ಪರದೆಯನ್ನು ಎರಡು ಭಾಗ ಮಾಡಿ ಇಬ್ಬರ ಮುಖವನ್ನೂ ತೋರಿಸುತ್ತಿದ್ದರು. ಟ್ರಂಪ್ ಮಾತಾಡುವಾಗ ಈ ಕಡೆಯ ಮುದುಕರ ಬಾಯಿ ಅರೆ ತೆರೆದೇ ಇತ್ತು. "ನಮ್ಮಪ್ಪ ಕೊನೇ ವರ್ಷ ಹೀಗೇ ನೋಡೋರು" ಎಂದರು ಮೇಷ್ಟ್ರು. ಕೊನೆಗೆ ಇಬ್ಬರೂ ಗಾಲ್ಫ್ ಆಟದಲ್ಲಿ ಯಾರು ಜಾಣ ಎಂದು ಜಗಳಕ್ಕಿಳಿದಾಗ ರಾಯರು ಕಪ್ಪು ಕೆಳಗಿಟ್ಟರು. "ಅಲ್ರೀ, ಒಬ್ಬಾಂವ ಸುಳ್ಳನ್ನ ಗಟ್ಟಿಯಾಗಿ ಹೇಳ್ತಾನ, ಇನ್ನೊಬ್ಬಾಂವ ಖರೇನ ಗೊಣಗ್ತಾನ. ಕೇಳಾಂವ ಏನ್ ಮಾಡ್ಬೇಕು?"

ಇಡೀ ಕಾರ್ಯಕ್ರಮದ ಬಗ್ಗೆ ಇದಕ್ಕಿಂತ ಚೆನ್ನಾದ ಟೀಕೆಯನ್ನು ನಾನು ಆಮೇಲೆ ಎಲ್ಲೂ ಓದಲಿಲ್ಲ. ಟೈ ಕಟ್ಟಿಕೊಂಡ ಪಂಡಿತರು ಹೇಳಿದ್ದು ಧಣಿಗಳ ಮೊದಲ ಮಾತನ್ನೇ, ಉದ್ದ ಮಾಡಿ. ವಾದ ಮುಗಿದ ಮೇಲೆ ಎರಡೂ ಪಕ್ಷದವರು ಪತ್ರಕರ್ತರ ಮುಂದೆ ನಿಂತು "ಗೆದ್ದದ್ದು ನಮ್ಮವರೇ" ಎಂದು ಹೇಳಲಿಕ್ಕೆಂದೇ ಅಲ್ಲಿ ಒಂದು ಕೋಣೆ ಇದೆ, ಅದಕ್ಕೆ ಸ್ಪಿನ್ ರೂಮ್ ಎಂದು ಹೆಸರು. ಅಂಥ ಕೋಣೆಯ ಹಂಗಿಲ್ಲದ ಗೆಳೆಯರ ಹರಟೆ ಎಷ್ಟೋ ಮೇಲು. ಅಮೆರಿಕದಲ್ಲೇ ಸುಮಾರು 5 ಕೋಟಿ ಜನ ಆ ರಾತ್ರಿ ಟೀವಿ ನೋಡಿದರು. ಅವರೂ ತಮ್ಮ ತಮ್ಮ ಸೋಫಾಗಳಲ್ಲಿ ಅಕ್ಕಪಕ್ಕದವರಿಗೆ ಇಂಥದ್ದೇ ಏನೋ ಹೇಳಿರಬೇಕು. ಜುಲೈ 21ಕ್ಕೆ ಬೈಡನ್ ಕಣದಿಂದ ಹಿಂದೆ ಸರಿದರು.

ಹಾಗಾದರೆ ನೋಟಕ್ಕೆ, ಗತ್ತಿಗೆ ಮಾರ್ಕು ಕೊಡುವ ಈ ಅಭ್ಯಾಸ ನಮ್ಮದೋ, ಆ ಕಾರ್ಯಕ್ರಮವೇ ಕಲಿಸಿದ್ದೋ? ನನ್ನ ಪ್ರಕಾರ ಮುಕ್ಕಾಲು ಪಾಲು ಕಾರ್ಯಕ್ರಮದ್ದೇ. 1960ರ ಸೆಪ್ಟೆಂಬರ್ 26ರಂದು ಶಿಕಾಗೋದಲ್ಲಿ ಕೆನೆಡಿ ಮತ್ತು ನಿಕ್ಸನ್ ಎದುರಾದಾಗಲೇ ಇದು ಶುರುವಾಯಿತು. ನಿಕ್ಸನ್ ಮೊಣಕಾಲಿನ ಸೋಂಕಿನಿಂದ ಆಸ್ಪತ್ರೆ ಸೇರಿ ಎದ್ದು ಬಂದಿದ್ದರು. ತೊಟ್ಟ ಬೂದು ಸೂಟು ಹಿಂದಿನ ಗೋಡೆಯ ಬಣ್ಣದಲ್ಲಿ ಕರಗಿಹೋಯಿತು, ಮುಖದಲ್ಲಿ ಬೆವರು. ರೇಡಿಯೋದಲ್ಲಿ ಕೇಳಿದವರು ನಿಕ್ಸನ್ ಗೆದ್ದರೆಂದರು, ಟೀವಿ ನೋಡಿದವರು ಕೆನೆಡಿ ಗೆದ್ದರೆಂದರು ಎಂಬ ಮಾತು ಅಂದಿನಿಂದ ಎಲ್ಲರ ಬಾಯಲ್ಲಿ ಇದೆ. ಮೇಷ್ಟ್ರು ಅದನ್ನು ಗಾದೆಯಂತೆ ಹೇಳುತ್ತಾರೆ. ಆದರೆ ಅದಕ್ಕೆ ಆಧಾರವಾದದ್ದು ಒಂದು ಸಣ್ಣ ಸಮೀಕ್ಷೆ, ಅದರಲ್ಲಿ ರೇಡಿಯೋ ಕೇಳಿದವರ ಸಂಖ್ಯೆ ಇನ್ನೂ ಸಣ್ಣದು. ಅದನ್ನು ಒಪ್ಪದ ವಿದ್ವಾಂಸರಿದ್ದಾರೆ. ಅಷ್ಟು ಕಾಗದದ ಮೇಲೆ ನಾನಾಗಿದ್ದರೆ ಸಾಲ ಮಂಜೂರು ಮಾಡುತ್ತಿರಲಿಲ್ಲ.

ಮುಂದಿನವನ್ನೂ ಜನ ಹೀಗೆಯೇ ನೆನಪಿಟ್ಟಿದ್ದಾರೆ. 1992ರಲ್ಲಿ ರಿಚ್ಮಂಡ್‌ನಲ್ಲಿ ಸಭಿಕರ ನಡುವಿನ ಹೆಂಗಸೊಬ್ಬರು, ದೇಶದ ಸಾಲ ನಿಮ್ಮ ಸ್ವಂತ ಬದುಕಿಗೆ ಹೇಗೆ ತಟ್ಟಿದೆ ಎಂದು ಕೇಳುತ್ತಿದ್ದಾಗ ಹಿರಿಯ ಬುಷ್ ಕೈಗಡಿಯಾರ ನೋಡಿಕೊಂಡರು. ಗಡಿಯಾರ ಎಲ್ಲರಿಗೂ ನೆನಪಿದೆ. ಸಾಲ ಎಷ್ಟಿತ್ತು, ಯಾರಿಗೆ ತಟ್ಟಿತ್ತು, ಯಾರೂ ಹೇಳುವುದಿಲ್ಲ. 2000ದಲ್ಲಿ ಆಲ್ ಗೋರ್ ನಿಟ್ಟುಸಿರು ಬಿಟ್ಟರಂತೆ. ಆ ವಾದದಿಂದ ಈಗ ಉಳಿದದ್ದು ನಿಟ್ಟುಸಿರೊಂದೇ.

1984ರ ಪ್ರಸಂಗ ಮಾತ್ರ ಸ್ವಲ್ಪ ನಿಂತು ನೋಡಬೇಕಾದದ್ದು. ರೇಗನ್‌ಗೆ ಆಗ 73. ಪತ್ರಕರ್ತರೊಬ್ಬರು ಗಂಭೀರವಾಗಿಯೇ ಕೇಳಿದರು: ಕ್ಯೂಬಾದ ಬಿಕ್ಕಟ್ಟಿನಲ್ಲಿ ಕೆನೆಡಿ ದಿನಗಟ್ಟಲೆ ನಿದ್ದೆಗೆಟ್ಟಿದ್ದರು, ಅಂಥ ಹೊತ್ತಿನಲ್ಲಿ ನಿಮ್ಮಿಂದ ಆಗುತ್ತದೆಯೇ? ರೇಗನ್, ಎದುರಾಳಿಯ ಎಳೆತನವನ್ನೂ ಅನುಭವ ಸಾಲದ್ದನ್ನೂ ನಾನು ರಾಜಕೀಯಕ್ಕೆ ಬಳಸುವುದಿಲ್ಲ ಎಂಬರ್ಥದ ಒಂದು ಮಾತು ತೇಲಿಸಿಬಿಟ್ಟರು. ಎದುರಾಳಿ ಮಾಂಡೇಲ್ ಎಳೆಯರೇನಲ್ಲ, 56 ವರ್ಷ. ಅವರೂ ಬಿದ್ದು ಬಿದ್ದು ನಕ್ಕರು. ಪ್ರಶ್ನೆಗೆ ಉತ್ತರ ಬರಲಿಲ್ಲ, ಆದರೆ ಪ್ರಶ್ನೆ ಮುಗಿಯಿತು. ಮೇಷ್ಟ್ರು ಈ ತುಣುಕನ್ನು ಯೂಟ್ಯೂಬಿನಲ್ಲಿ ಹುಡುಕಿ ತೋರಿಸಿದಾಗ ನಾವೂ ನಕ್ಕೆವು. ನಲವತ್ತು ವರ್ಷ ಕಳೆದು ಅದೇ ಪ್ರಶ್ನೆ ಅಟ್ಲಾಂಟಾದಲ್ಲಿ ಇನ್ನೊಬ್ಬ ಮುದುಕರ ಎದುರು ನಿಂತಾಗ ಅವರ ಹತ್ತಿರ ಅಂಥ ಮಾತು ಇರಲಿಲ್ಲ. ಆ ಮಾತು ಸಿಕ್ಕಿದ್ದರೆ ನಾವೆಲ್ಲ ಬೈಡನ್‌ರನ್ನು ಪಾಸು ಮಾಡಿಬಿಡುತ್ತಿದ್ದೆವು ಎಂದು ನನ್ನ ಗುಮಾನಿ.

ಇನ್ನು ಧಣಿಗಳ ಯಕ್ಷಗಾನದ ಹೋಲಿಕೆಗೆ ಬರುತ್ತೇನೆ. ಕರಾವಳಿಯವರಿಗೆ ತಾಳಮದ್ದಳೆಯನ್ನು ವಿವರಿಸಬೇಕಾಗಿಲ್ಲ. ಉಳಿದವರಿಗೆ ಹೇಳುವುದಾದರೆ: ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಎದುರುಬದುರು ಕೂತು, ಭಾಗವತರು ಪದ್ಯ ಹೇಳಿದ ಮೇಲೆ, ತಮ್ಮ ತಮ್ಮ ಪಾತ್ರದ ಮಾತನ್ನು ಅಲ್ಲೇ ಕಟ್ಟಿ ಆಡುತ್ತಾರೆ. ಮಳೆಗಾಲದಲ್ಲಿ ಊರಿನ ಕಲಾವಿದರು ಮುಂಬಯಿಗೆ ಬಂದು ತಾಳಮದ್ದಳೆ ನಡೆಸುವುದು ಹಳೆಯ ಪದ್ಧತಿ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳಿ ಬೆಳೆದ ಕಿವಿ ಧಣಿಗಳದು. ಪೀಠಿಕೆ ಹೇಗಿತ್ತು, ಇದಿರು ಅರ್ಥಧಾರಿ ಎಸೆದ ಪ್ರಶ್ನೆಯನ್ನು ಇವರು ಹೇಗೆ ಹಿಡಿದರು, ಎಲ್ಲಿ ಸಿಕ್ಕಿಬಿದ್ದರು, ಇದೆಲ್ಲ ಅವರಿಗೆ ಸಲೀಸು. ಅದೇ ಕಿವಿಯಲ್ಲಿ ಅವರು ಟ್ರಂಪ್‌ರನ್ನೂ ಕೇಳುತ್ತಾರೆ.

ಹೋಲಿಕೆ ಸೊಗಸಾಗಿದೆ, ಆದರೆ ಒಂದು ಕಡೆ ಕೈಕೊಡುತ್ತದೆ. "ವಾಲಿ ವಧೆ"ಯ ಪ್ರಸಂಗದಲ್ಲಿ ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ: ನಿನಗೆ ನಾನೇನು ಕೆಡುಕು ಮಾಡಿದ್ದೆ? ಮರೆಯಲ್ಲಿ ನಿಂತು ಯಾಕೆ ಹೊಡೆದೆ? ಒಳ್ಳೆಯ ಅರ್ಥಧಾರಿ ವಾಲಿಯಾಗಿ ಕೂತರೆ ಎದುರಿನ ರಾಮನಿಗೆ ಬೆವರಿಳಿಯುತ್ತದೆ. ದೇವರನ್ನೇ ಕಟಕಟೆಗೆ ತಂದು ನಿಲ್ಲಿಸಲು ಬಿದ್ದವನಿಗೆ ಒಂದು ತಾಸು ಬೇಕಾದರೆ ಒಂದು ತಾಸು ಕೊಡುತ್ತಾರೆ. ಅಮೆರಿಕದ ವಾದದಲ್ಲಿ ಬಾಣ ಬಿಡುವವರು ಇಬ್ಬರೂ ವೇದಿಕೆಯ ಮೇಲಿರುತ್ತಾರೆ, ಆದರೆ ಬಾಣ ತಾಗುವವನು ಎಷ್ಟೋ ಸಲ ಅಲ್ಲಿರುವುದಿಲ್ಲ.

ಇದು ನನಗೆ ಹೊಳೆದದ್ದು 2024ರ ಎರಡನೆಯ ವಾದದಲ್ಲಿ. ಸೆಪ್ಟೆಂಬರ್ 10, ಫಿಲಡೆಲ್ಫಿಯಾ, ಎಬಿಸಿ ಚಾನೆಲ್. ಬೈಡನ್ ಜಾಗದಲ್ಲಿ ಕಮಲಾ ಹ್ಯಾರಿಸ್. ಆಕೆ ಬಂದವರೇ ವೇದಿಕೆ ದಾಟಿ ಟ್ರಂಪ್ ಇದ್ದಲ್ಲಿಗೆ ಹೋಗಿ ಕೈ ಕುಲುಕಿದರು. "ಪ್ರವೇಶ ಅಂದ್ರೆ ಇದು!" ಎಂದು ಧಣಿಗಳು ಕೂತಲ್ಲಿಯೇ ನೆಟ್ಟಗಾದರು. ನಮ್ಮ ಮಾತುಗಳೂ ಜೋರಾದವು. ಆಕೆಯ ಹುಬ್ಬು, ಗಲ್ಲದ ಮೇಲಿನ ಕೈ, ಈತ ಆಕೆಯ ಕಡೆಗೆ ತಿರುಗಿಯೂ ನೋಡದ್ದು. ಅಷ್ಟರಲ್ಲಿ ಆ ಮಾತು ಬಂತು. ಒಹಾಯೋದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಹೊರಗಿನಿಂದ ಬಂದವರು ಅಲ್ಲಿಯ ಜನರ ನಾಯಿಗಳನ್ನೂ ಬೆಕ್ಕುಗಳನ್ನೂ ತಿನ್ನುತ್ತಿದ್ದಾರೆ ಎಂದರು ಟ್ರಂಪ್. ಹೇಳಿದ್ದು ಹೈಟಿ ದೇಶದಿಂದ ಬಂದು ನೆಲೆಸಿದವರ ಬಗ್ಗೆ. ಹ್ಯಾರಿಸ್ ನಕ್ಕರು. ರಾಯರು, ಮೇಷ್ಟ್ರು, ನಾನು, ನಾವೂ ಗೊಳ್ಳೆಂದೆವು. "ಏನ್ ತಲಿ ಅದ ಇಂವಂದು!" ಎಂದರು ರಾಯರು.

ಧಣಿಗಳು ನಗಲಿಲ್ಲ. ಕಾರ್ಯಕ್ರಮ ನಿರೂಪಕರು, ನಗರದ ಆಡಳಿತಾಧಿಕಾರಿಯನ್ನು ವಿಚಾರಿಸಿದ್ದೇವೆ, ನಂಬುವಂಥ ದೂರು ಯಾವುದೂ ಇಲ್ಲ ಎನ್ನುತ್ತಿದ್ದರು. ಧಣಿಗಳು ದನಿ ಸಣ್ಣ ಮಾಡಿ ಹೇಳಿದರು: "ನಮ್ಮನ್ನ ಬೈದಾಗ್ಲೂ ಜನ ಮೊದ್ಲು ನಗಾಡಿದ್ದೇ ಮಾರಾಯ್ರೆ. ಪ್ರಾಸ ಇತ್ತಲ್ಲ ಅದಕ್ಕೆ. ಕಲ್ಲು ಬಂದದ್ದು ಆಮೇಲೆ."

ಊರಿನಲ್ಲಿರುವ ಕಿರಿಯರಿಗೆ ಇದು ತಿಳಿಯಲಿಕ್ಕಿಲ್ಲ. 1960ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ದಕ್ಷಿಣದವರ ವಿರುದ್ಧ ಚಳವಳಿ ಎದ್ದಿತು. ಕನ್ನಡಿಗ, ತುಳುವ, ತಮಿಳ, ಮಲೆಯಾಳಿ ಎಂಬ ಭೇದವಿಲ್ಲ, ಎಲ್ಲರೂ "ಮದ್ರಾಸಿ"ಗಳೇ. "ಲುಂಗಿ ಹಟಾವ್, ಪುಂಗಿ ಬಜಾವ್" ಎಂಬ ಘೋಷಣೆ ಆಗಿನದು. ಕೇಳಲಿಕ್ಕೆ ಮಕ್ಕಳ ಆಟದ ಪದದ ಹಾಗಿದೆ. ಉಡುಪಿ ಹೋಟೆಲುಗಳ ಮೇಲೆ ದಾಳಿಯಾದವು. ನಮ್ಮ ಧಣಿಗಳು ಆಗ ಹುಡುಗ. ಷಟರು ಎಳೆದುಕೊಂಡು ಒಳಗೆ ದೋಸೆ ಹಿಟ್ಟಿನ ಪಾತ್ರೆಗಳ ನಡುವೆ ರಾತ್ರಿ ಕಳೆದದ್ದುಂಟು. ಮಾರನೆಯ ದಿನ ಒಡೆದ ಗಾಜು ಗುಡಿಸಿದ ಮೇಲೆ ಇಡ್ಲಿ ತಿನ್ನಲು ಅದೇ ಬೀದಿಯ ಜನ ಬಂದರು, ತಾನೇ ಬಡಿಸಿದೆ ಎಂದರು. ಅವರಲ್ಲಿ ಯಾರ ಕೈಯಲ್ಲಿ ಹಿಂದಿನ ದಿನ ಕಲ್ಲಿತ್ತು ಎಂದು ನೋಡಲು ಹೋಗಲಿಲ್ಲವಂತೆ.

ಸ್ಪ್ರಿಂಗ್‌ಫೀಲ್ಡಿನಲ್ಲೂ ನಗುವಿನ ನಂತರದ ಭಾಗ ಬೇಗನೆ ಬಂತು. ಎರಡೇ ದಿನದಲ್ಲಿ ಬಾಂಬ್ ಬೆದರಿಕೆಗಳು, ಸರ್ಕಾರಿ ಕಚೇರಿ ಮತ್ತು ಶಾಲೆಗಳಿಂದ ಜನರನ್ನು ಹೊರಗೆ ಕಳುಹಿಸಬೇಕಾಯಿತು. ಆ ಊರಿನ ಹೈಟಿಯವರಲ್ಲಿ ಬಹಳಷ್ಟು ಜನ ಕಾನೂನಿನ ಪ್ರಕಾರವೇ ಅಲ್ಲಿದ್ದು ಕೆಲಸ ಮಾಡುತ್ತಿದ್ದವರು. ತೊಂಬತ್ತು ನಿಮಿಷದಲ್ಲಿ ಅವರ ಪರವಾಗಿ ಬಂದದ್ದು ನಿರೂಪಕರು ಹೇಳಿದ ಎರಡು ವಾಕ್ಯ. ಹ್ಯಾರಿಸ್ ನಕ್ಕು, ಇದು ಅತಿರೇಕ ಎಂದು ಹೇಳಿ, ತಮಗೆ ಬೇಕಾದ ವಿಷಯಕ್ಕೆ ಹೊರಳಿದರು. ವಾದದ ಲೆಕ್ಕದಲ್ಲಿ ಅದು ಜಾಣತನ, ಅಂದು ಗೆದ್ದದ್ದೂ ಆಕೆಯೇ ಎಂದು ಹೆಚ್ಚಿನವರು ಹೇಳಿದರು. ನಮ್ಮ ನಾಲ್ವರ ತೀರ್ಪೂ ಅದೇ ಆಗಿತ್ತು. ಆದರೆ ವಾಲಿಗೆ ಸಿಕ್ಕ ತಾಸು ಆ ಊರಿನ ಒಬ್ಬ ಕೂಲಿಕಾರನಿಗೆ ಸಿಕ್ಕಿದ್ದರೆ ಆತ ಇಬ್ಬರನ್ನೂ ಏನು ಕೇಳುತ್ತಿದ್ದ ಎಂದು ಧಣಿಗಳು ಬಹಳ ಹೊತ್ತು ಮಾತಾಡಿದರು. ಅವರೇ ಆ ಪಾತ್ರದ ಅರ್ಥವನ್ನು ಸ್ವಲ್ಪ ಹೇಳಿಯೂ ತೋರಿಸಿದರು. ಕನ್ನಡದಲ್ಲಿ, ಕುಂದಾಪುರದ ರಾಗದಲ್ಲಿ. ನಾನು ಕೇಳಿದ ಒಳ್ಳೆಯ ಅರ್ಥಗಾರಿಕೆಗಳಲ್ಲಿ ಅದೊಂದು.

ಟೀವಿಯಲ್ಲಿ ಇಷ್ಟು ಚೆನ್ನಾಗಿ ಜಗಳ ಮಾಡಿಸುವವರು ಅದರಲ್ಲಿ ಕುರ್ಚಿ ಇಲ್ಲದವರನ್ನು ಮಾತ್ರ ಮರೆಯುತ್ತಾರೆ, ಮತ್ತು ನೋಡುತ್ತಾ ಕೂತ ನಾವು ಆ ಮರೆವಿಗೆ ಅಂಕ ಹಾಕುತ್ತೇವೆ ಎಂಬುದು ನನ್ನ ತಕರಾರು. ನಮ್ಮ ದೇಶದಲ್ಲಿ ಇಂಥ ವಾದವೇ ಇಲ್ಲವಲ್ಲ, ಇಷ್ಟಾದರೂ ಅವರಿಗಿದೆ ಎಂದು ಮೇಷ್ಟ್ರು ನನ್ನನ್ನು ಗದರುತ್ತಾರೆ. 2024ರ ಮೇ ತಿಂಗಳಲ್ಲಿ ಇಬ್ಬರು ನಿವೃತ್ತ ನ್ಯಾಯಮೂರ್ತಿಗಳು ಮತ್ತು ಒಬ್ಬ ಹಿರಿಯ ಪತ್ರಕರ್ತರು ನಮ್ಮ ಎರಡು ದೊಡ್ಡ ನಾಯಕರನ್ನು ಒಂದೇ ವೇದಿಕೆಗೆ ಕರೆದಿದ್ದರು, ಅದು ನಡೆಯಲಿಲ್ಲ. ಮೇಷ್ಟ್ರ ಮಾತಿನಲ್ಲಿ ಹುರುಳಿದೆ.

ರಾಯರ ಕಥೆ ಇನ್ನೊಂದು ಬಗೆಯದು. ಅವರ ಮಗ ಎಚ್-1ಬಿ ವೀಸಾದ ಮೇಲೆ ಅಲ್ಲಿದ್ದಾನೆ. ಗ್ರೀನ್ ಕಾರ್ಡಿನ ಸರದಿಯಲ್ಲಿದ್ದಾನೆ. ಒಂದೊಂದು ದೇಶದಲ್ಲಿ ಹುಟ್ಟಿದವರಿಗೆ ವರ್ಷಕ್ಕೆ ಶೇಕಡಾ 7 ಎಂಬ ಮಿತಿ ಇರುವುದರಿಂದ ಭಾರತದವರ ಸಾಲು ಮುಗಿಯುವುದೇ ಇಲ್ಲ. ರಾಯರು ಎರಡೂ ವಾದಗಳನ್ನು, ಅಂದರೆ ಮೂರು ತಾಸು, ಆ ಒಂದು ವಿಷಯಕ್ಕಾಗಿ ಕಿವಿಗೊಟ್ಟು ಕೇಳಿದರು. ಗಡಿಯ ಮಾತು ಹತ್ತು ಸಲ ಬಂತು. ಅವರ ಮಗನಂಥವರ ಮಾತು ಅವರಿಗೆ ಒಮ್ಮೆಯೂ ಕೇಳಿಸಲಿಲ್ಲ.

2025ರ ಸೆಪ್ಟೆಂಬರ್ 19ರಂದು ಎಚ್-1ಬಿಯ ಹೊಸ ಅರ್ಜಿಗೆ 1 ಲಕ್ಷ ಡಾಲರ್ ಶುಲ್ಕವೆಂಬ ಘೋಷಣೆ ಬಂತು, ಮಧ್ಯೆ ಒಂದು ದಿನದ ಅಂತರವಿಟ್ಟು ಜಾರಿ. ಹೊರಗಿರುವ ನೌಕರರೆಲ್ಲ ಕೂಡಲೇ ಮರಳಿ ಎಂದು ಕಂಪನಿಗಳು ಹೇಳಿದವು. ಈಗಾಗಲೇ ವೀಸಾ ಇದ್ದವರಿಗೆ ಇದು ತಟ್ಟುವುದಿಲ್ಲ ಎಂಬ ಸ್ಪಷ್ಟನೆ ಮಾರನೆಯ ದಿನ ಬಂದಿತು. ಅಷ್ಟರಲ್ಲಿ ರಾಯರ ಮಗ, ಧಾರವಾಡದಲ್ಲಿ ಹಾಸಿಗೆ ಹಿಡಿದ ಅಜ್ಜಿಯನ್ನು ನೋಡಲು ಮಾಡಿಸಿದ್ದ ಟಿಕೆಟನ್ನು ರದ್ದು ಮಾಡಿದ್ದ.