ಸದ್ದಿಗಾಗಿ ಕಾದ ಏಳು ನಿಮಿಷ

ಉಲ್ಕೆ ನೋಡಿದೆ ಎಂದು ಯಾರಾದರೂ ಹೇಳಿದರೆ ನಾನು ಕೇಳುವುದು ಒಂದೇ: ಆಮೇಲೇನು ಮಾಡಿದಿರಿ? ಹೆಚ್ಚಿನವರು ಮೊಬೈಲಿಗೆ ಕೈ ಹಾಕಿರುತ್ತಾರೆ. ಅಷ್ಟರಲ್ಲಿ ಆಟ ಮುಗಿದಿರುತ್ತದೆ.

2023ರ ಡಿಸೆಂಬರ್ 14ರ ನಸುಕು. ಅಮಾವಾಸ್ಯೆ ಆಗಷ್ಟೇ ಕಳೆದಿತ್ತು, ಚಂದ್ರನ ಕಾಟವಿಲ್ಲ. ತಿಪಟೂರು ಕಡೆಯ ಒಂದು ರಾಗಿ ಕಣದಲ್ಲಿ ನಾನು ಮತ್ತು ಕಣ ಕಾಯುವ ಅಜ್ಜ. ಮಿಥುನ ರಾಶಿಯ ಉಲ್ಕೆಗಳು ಆಗೊಂದು ಈಗೊಂದು ಗೀರು ಎಳೆಯುತ್ತಿದ್ದವು. ಎರಡು ಗಂಟೆಯ ಮೇಲೆ ಫ್ಲಾಸ್ಕಿನ ಟೀ ಬಗ್ಗಿಸಲೆಂದು ಎದ್ದು ಕೂತೆ. ಬಣವೆಯ ನೆರಳು ಕಣದ ಮೇಲೆ ಬಿತ್ತು, ಬಿದ್ದದ್ದೇ ಸರಿಯತೊಡಗಿತು. ತಲೆಯೆತ್ತಿದರೆ ಹಸಿರು ಬೆರೆತ ಬಿಳಿ ಉಂಡೆ! ರೋಹಿಣಿಯ ಪಕ್ಕ ಹಾದು, ಕೃತ್ತಿಕೆಯ ಕೆಳಗೆ ಉಬ್ಬಿ ಒಡೆದು ಆರಿತು. ಟೀ ಅಂಗೈಗೆ ಚೆಲ್ಲಿದ್ದು ತಿಳಿದದ್ದು ಆಮೇಲೆ.

"ಕೆರೆ ಹಿಂದಕ್ಕೇ ಬಿತ್ತು ಸ್ವಾಮಿ. ಬೆಳಕು ಹರೀಲಿ, ಹೋಗಿ ಹುಡುಕಾನ" ಎಂದರು ಅಜ್ಜ.

ಎಲ್ಲರಿಗೂ ಹಾಗೇ ಕಾಣುತ್ತದೆ. ಶುಕ್ರಗ್ರಹವನ್ನೂ ಮೀರಿಸಿ ಹೊಳೆಯುವ ಇಂಥ ಉಲ್ಕೆಗೆ ಅಗ್ನಿಗೋಲ ಎನ್ನುತ್ತಾರೆ. ಅದು ಉರಿಯತೊಡಗುವುದೇ ಸುಮಾರು 100 ಕಿ.ಮೀ. ಎತ್ತರದಲ್ಲಿ. ಮಿಥುನದ ಉಲ್ಕೆಗಳು ಫೇಥಾನ್ ಎಂಬ ಕ್ಷುದ್ರಗ್ರಹ ಉದುರಿಸಿದ ಚೂರುಗಳು. ಸೆಕೆಂಡಿಗೆ 35 ಕಿ.ಮೀ. ವೇಗದಲ್ಲಿ ಬಂದು ಮೇಲೆಯೇ ಸುಟ್ಟು ಹೋಗುತ್ತವೆ. ಕೆರೆ ಹಿಂದೆ ಹುಡುಕಿದರೆ ಏಡಿ ಸಿಕ್ಕೀತು.

ನನಗೆ ಇಷ್ಟವಾದ ಘಳಿಗೆ ಇನ್ನು ಶುರು. ಮಿಂಚಿಗೆ ಗುಡುಗಿದ್ದಂತೆ ದೊಡ್ಡ ಅಗ್ನಿಗೋಲಕ್ಕೂ ಒಮ್ಮೊಮ್ಮೆ ಸದ್ದುಂಟು. ನೆತ್ತಿಯ ಮೇಲೆ 80 ಕಿ.ಮೀ.ನಲ್ಲಿ ಸಿಡಿದರೂ ಸದ್ದು ನೆಲ ಮುಟ್ಟಲು ನಾಲ್ಕು ನಿಮಿಷಕ್ಕೂ ಹೆಚ್ಚು ಬೇಕು; ಓರೆಯಾಗಿದ್ದರೆ ಇನ್ನೂ ತಡ. 2013ರ ಫೆಬ್ರುವರಿ 15ರಂದು ರಷ್ಯಾದ ಚೆಲ್ಯಾಬಿನ್ಸ್ಕ್ ಊರಿನ ಜನ ಬೆಳಕು ಕಂಡು ಕಿಟಕಿಗೆ ಓಡಿದರು. ಎರಡು ನಿಮಿಷ ಕಳೆದ ಮೇಲೆ ಆಘಾತದ ಅಲೆ ಅಪ್ಪಳಿಸಿತು. ಗಾಯಗೊಂಡವರು ಸುಮಾರು 1,500. ಬಹುತೇಕರಿಗೆ ಒಡೆದ ಗಾಜೇ ತಗುಲಿದ್ದು.

ನಾವು ಗಡಿಯಾರ ಹಿಡಿದು ಏಳು ನಿಮಿಷ ಉಸಿರು ಬಿಗಿಹಿಡಿದೆವು. ಜೀರುಂಡೆ ಬಿಟ್ಟರೆ ಏನೂ ಇಲ್ಲ. ಟಿಪ್ಪಣಿ ಪುಸ್ತಕದಲ್ಲಿ ಬರೆದೆ: ಮೂರು ಸೆಕೆಂಡು, ಪಡುವಣಕ್ಕೆ, ಸದ್ದಿಲ್ಲ.

ಅಂತರರಾಷ್ಟ್ರೀಯ ಉಲ್ಕಾ ಸಂಘಟನೆ ಇಂಥ ಸಾಮಾನ್ಯರ ವರದಿಗಳನ್ನೇ ಅಂತರ್ಜಾಲದಲ್ಲಿ ಕೇಳಿ ಪಡೆಯುತ್ತದೆ. ಬೇರೆ ಬೇರೆ ಊರಿನವರ ಮಾತು ಕೂಡಿಸಿದರೆ ಉಲ್ಕೆ ಬಂದ ದಾರಿ ಲೆಕ್ಕಕ್ಕೆ ಸಿಗುತ್ತದೆ. ನಿಮಗೂ ಕಂಡರೆ ಮೊದಲು ಸೆಕೆಂಡು ಎಣಿಸಿ. ಯಾವ ಮರದ ತುದಿಯಿಂದ ಯಾವ ಮನೆಯ ಮೂಲೆಗೆ ಹೋಯಿತೆಂದು ಗುರುತಿಟ್ಟುಕೊಳ್ಳಿ. ಸದ್ದಿಗೆ ಕಾಯುವುದಾದರೆ ಅಂಗಳದಲ್ಲಿ ಕಾಯಿರಿ, ಕಿಟಕಿಯ ಹತ್ತಿರ ಬೇಡ.