ಹಳ್ಳ ತೋಡಿದ ಲೆಕ್ಕ

2019ರಲ್ಲಿ ಪುಣೆ ಜಿಲ್ಲೆಯ ಜೇಜುರಿಯ ಕರ್ಹಾ ನದಿ ಎರಡು ಸಲ ಸುದ್ದಿಯಾಯಿತು. ಬೇಸಿಗೆಯಲ್ಲಿ ನೀರಿಲ್ಲವೆಂದು, ಸೆಪ್ಟೆಂಬರಿನಲ್ಲಿ ನೀರು ಮಿತಿಮೀರಿತೆಂದು. ಅದರ ಹಿಂದಿನ ವರ್ಷ ಮಹಾರಾಷ್ಟ್ರ ಸರ್ಕಾರ ಬರಪೀಡಿತವೆಂದು ಘೋಷಿಸಿದ 151 ತಾಲ್ಲೂಕುಗಳಲ್ಲಿ ಜೇಜುರಿ ಇರುವ ಪುರಂದರವೂ ಒಂದು. ಮಳೆಗಾಲದವರೆಗೆ ಹಳ್ಳಿಗಳು ಟ್ಯಾಂಕರ್ ದಾರಿ ಕಾದವು. ಸೆಪ್ಟೆಂಬರ್ 25ರ ರಾತ್ರಿ ಸುರಿದ ಮಳೆಗೆ ಊರಿನ ಪಕ್ಕದ ನಾಝರೆ ಅಣೆಕಟ್ಟು ತುಂಬಿ ಹರಿಯಿತು. ಕೆಳಗಿನ ಬಾರಾಮತಿಯಲ್ಲಿ ದಂಡೆಯ ಸಾವಿರಾರು ಜನರನ್ನು ಮನೆ ಬಿಡಿಸಬೇಕಾಯಿತು.

ಮಹಾರಾಷ್ಟ್ರವನ್ನು ಬರಮುಕ್ತ ಮಾಡುತ್ತೇವೆಂದು ಸರ್ಕಾರ ತನಗೆ ತಾನೇ ಹಾಕಿಕೊಂಡಿದ್ದ ಗಡುವೂ 2019ನೇ ಇಸವಿಯೇ. 2014ರ ಡಿಸೆಂಬರಿನಲ್ಲಿ ಶುರುವಾದ ‘ಜಲಯುಕ್ತ ಶಿವಾರ’ ವರ್ಷಕ್ಕೆ ಐದು ಸಾವಿರ ಹಳ್ಳಿಗಳ ನೀರಿನ ಬವಣೆ ನೀಗಿಸುವ ಯೋಜನೆ. ಹಳ್ಳ ಅಗಲಿಸುವುದು, ಆಳಗೊಳಿಸುವುದು, ಒಡ್ಡು ಹಾಕುವುದು, ಕೃಷಿ ಹೊಂಡ, ಹೂಳೆತ್ತುವುದು, ಎಲ್ಲವೂ ಅದರ ಅಡಿಯಲ್ಲಿ ಬಂದವು. ಇದನ್ನು ಪೂರ್ತಿ ತಳ್ಳಿಹಾಕುವುದು ಅನ್ಯಾಯ. ದೊಡ್ಡ ಅಣೆಕಟ್ಟೊಂದೇ ದಾರಿ ಎಂದು ನಂಬಿ ಕೂತಿದ್ದ ರಾಜ್ಯ ಊರಿನ ಹಳ್ಳದ ಕಡೆ ತಿರುಗಿ ನೋಡಿದ್ದೇ ದೊಡ್ಡ ಮಾತು. ಎಷ್ಟೋ ಹಳ್ಳಿಗಳಲ್ಲಿ ಜನ ದುಡ್ಡು ಹಾಕಿದರು, ಮೈಮುರಿದು ದುಡಿದರು. ಕೆರೆ, ಅಣೆಕಟ್ಟುಗಳ ಹೂಳನ್ನು ಹೊಲಕ್ಕೆ ಹೊಡೆಯುವ 2017ರ ಜೋಡಿ ಯೋಜನೆಯಂತೂ ನನ್ನ ಮಟ್ಟಿಗೆ ಇಡೀ ಕಾರ್ಯಕ್ರಮದ ಅತ್ಯುತ್ತಮ ಭಾಗ.

ಎಡವಿದ್ದು ಕಲ್ಲಿನ ವಿಚಾರದಲ್ಲಿ. ಪುರಂದರದ ಕಡೆಯ ಹಳೆಯ ತೆರೆದ ಬಾವಿಯೊಂದರೊಳಗೆ ಇಣುಕಿದರೆ ನೆಲದ ಜಾತಕವೇ ಕಾಣುತ್ತದೆ. ಮೇಲೆ ತೆಳುವಾದ ಮಣ್ಣು, ಅದರ ಕೆಳಗೆ ಕೈಯಲ್ಲಿ ಪುಡಿಯಾಗುವ ಗರಸು, ಆಮೇಲೆ ಬಿರುಕು ಬಿಟ್ಟ ಕಲ್ಲು, ಅದರಡಿ ಉಳಿ ಹಾಯದ ಕರಿಬಂಡೆ. ನೀರು ಒಸರುವುದು ನಡುವಿನ ಆ ಬಿರುಕುಗಳಿಂದ. ದಖ್ಖನಿನ ಈ ಬಂಡೆಯ ಹೊಟ್ಟೆ ಸಣ್ಣದು. ಬೇಗ ತುಂಬುತ್ತದೆ, ಬೇಗ ಬರಿದಾಗುತ್ತದೆ. ಇಲ್ಲಿ ಎಲ್ಲಿ ತೋಡಬೇಕು, ಎಷ್ಟಕ್ಕೆ ನಿಲ್ಲಿಸಬೇಕು ಎನ್ನುವುದು ಸೂಕ್ಷ್ಮದ ಕೆಲಸ. ಆದರೆ ಜೆಸಿಬಿಗೆ ಬಾಡಿಗೆ ಗಂಟೆ ಲೆಕ್ಕದಲ್ಲಿ, ಅಧಿಕಾರಿಗೆ ಗುರಿ ಘನ ಮೀಟರ್ ಲೆಕ್ಕದಲ್ಲಿ. ಗುಡ್ಡದ ನೆತ್ತಿಯಿಂದ ಕೆಳಗಿಳಿಯುತ್ತ ಮಾಡಬೇಕಾದ ಜಲಾನಯನದ ಕೆಲಸ ಹಳ್ಳದ ಪಾತ್ರವನ್ನು ಬಗೆಯುವುದಕ್ಕೆ ಬಂದು ನಿಂತಿತು. ಅರ್ಥಶಾಸ್ತ್ರಜ್ಞ ಎಚ್.ಎಂ. ದೇಸರಡಾ ಇದನ್ನೇ ಹಿಡಿದು ಬಾಂಬೆ ಹೈಕೋರ್ಟಿನ ಮೆಟ್ಟಿಲೇರಿದರು.

ಇನ್ನು ಮಳೆ. ಭೂವಿಜ್ಞಾನ ಸಚಿವಾಲಯ 2020ರಲ್ಲಿ ಹೊರತಂದ ಹವಾಮಾನ ವರದಿ ಸಿದ್ಧವಾದದ್ದು ಜೇಜುರಿಯಿಂದ ಐವತ್ತು ಕಿಲೋಮೀಟರ್ ಆಚೆ, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ನೇತೃತ್ವದಲ್ಲಿ. 1951ರಿಂದ 2015ರ ನಡುವೆ ದೇಶದ ಮುಂಗಾರು ಮಳೆ ಸುಮಾರು ಶೇ 6ರಷ್ಟು ಇಳಿದಿದೆ, ಮಳೆಗಾಲದ ನಡುವಿನ ಒಣ ದಿನಗಳ ಸರಣಿ ಹೆಚ್ಚಿದೆ, ಮಧ್ಯ ಭಾರತದಲ್ಲಿ ದಿನಕ್ಕೆ 150 ಮಿಲಿಮೀಟರ್ ಮೀರಿ ಸುರಿಯುವ ಮಳೆ ಸುಮಾರು ಶೇ 75ರಷ್ಟು ಹೆಚ್ಚಾಗಿದೆ ಎನ್ನುತ್ತದೆ ಆ ವರದಿ. ಒಟ್ಟಿನಲ್ಲಿ ಕಡಿಮೆ, ಬಂದಾಗ ವಿಪರೀತ. ಹದಿನೈದು ದಿನ ಹದವಾಗಿ ಬಿದ್ದ ಮಳೆಯನ್ನು ಗರಸು ಕುಡಿಯುತ್ತದೆ. ಅಷ್ಟೇ ಮಳೆ ಒಂದು ರಾತ್ರಿಯಲ್ಲಿ ಬಿದ್ದರೆ ಬಂಡೆಯ ಮೇಲೆ ಜಾರಿ, ಹೊಲದ ಮಣ್ಣನ್ನೂ ಎಳೆದುಕೊಂಡು ಕರ್ಹಾ ಸೇರುತ್ತದೆ. ಹಳ್ಳವನ್ನು ನೇರ ಮಾಡಿ, ಅಗಲಿಸಿ, ದಡದ ಗಿಡಗಂಟಿ ಕಿತ್ತಿದ್ದರೆ ಇನ್ನೂ ವೇಗವಾಗಿ. ಬರಗಾಲವೊಂದನ್ನೇ ಎದುರಿಗಿಟ್ಟುಕೊಂಡು ಹೊಸೆದ ಯೋಜನೆಗೆ ಈ ರಾತ್ರಿಯ ಕಲ್ಪನೆಯೇ ಇರಲಿಲ್ಲ.

ಈ ಏರುಪೇರು ಇಲ್ಲಿ ಯಾರನ್ನು ತಟ್ಟುತ್ತದೆ? ಅಂಜೂರದ ರೈತನನ್ನು. ಪುರಂದರದ ಅಂಜೂರಕ್ಕೆ 2016ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಮಾಗುವ ಹಂತದಲ್ಲಿ ಅಕಾಲಿಕ ಮಳೆ ಬಿದ್ದರೆ ಅದರ ತೆಳು ಸಿಪ್ಪೆ ಸೀಳುತ್ತದೆ, ಒಳಗೆ ಹುಳಿ ಹತ್ತುತ್ತದೆ, ಪುಣೆ ಮಾರುಕಟ್ಟೆ ತಲುಪುವ ಹೊತ್ತಿಗೆ ಡಬ್ಬಿಯ ತಳ ಒದ್ದೆಯಾಗಿರುತ್ತದೆ. ಕುರಿಗಾರರನ್ನೂ ತಟ್ಟುತ್ತದೆ. ಜೇಜುರಿಯ ಖಂಡೋಬಾ ಕುರಿ ಕಾಯುವ ಧನಗರರ ದೇವರು. ಅವನ ಎರಡನೇ ಮಡದಿ ಬಾಣಾಯಿ ಧನಗರ ಹೆಣ್ಣು. ನಮ್ಮ ಕಡೆ ಮೈಲಾರಲಿಂಗನನ್ನು ಕುರುಬರು ಹೇಗೆ ತಮ್ಮವನೆನ್ನುತ್ತಾರೋ ಹಾಗೆ. 2021ರ ಡಿಸೆಂಬರ್ ಮೊದಲ ವಾರ ಮಳೆ, ಚಳಿ ಒಟ್ಟಿಗೆ ಬಂದು ಪುಣೆ, ಅಹ್ಮದ್‌ನಗರ ಜಿಲ್ಲೆಗಳಲ್ಲಿ ಸಾವಿರಾರು ಕುರಿ, ಮೇಕೆ ಸತ್ತವು. ಬಯಲಲ್ಲಿ ಹಟ್ಟಿ ಹಾಕಿದವರಿಗೆ ಮರೆ ಎಲ್ಲಿಯದು? ಬರಪರಿಹಾರದ ಪಟ್ಟಿಗೂ ನೆರೆಪರಿಹಾರದ ಪಟ್ಟಿಗೂ ಈ ನಷ್ಟ ಸಲೀಸಾಗಿ ಹೊಂದುವುದಿಲ್ಲ.

ಜಲಯುಕ್ತ ಶಿವಾರದ ಬಗ್ಗೆ ಅತಿ ಕಟುವಾದ ಮಾತು ಬಂದದ್ದು ಪರಿಸರವಾದಿಗಳಿಂದಲ್ಲ, ಮಹಾಲೇಖಪಾಲರಿಂದ. 2020ರ ಸೆಪ್ಟೆಂಬರಿನಲ್ಲಿ ವಿಧಾನಮಂಡಲದ ಮುಂದೆ ಬಂದ ಅವರ ವರದಿ, 9,600 ಕೋಟಿಗೂ ಹೆಚ್ಚು ಖರ್ಚಾದರೂ ಹಳ್ಳಿಗಳನ್ನು ನೀರಿನಲ್ಲಿ ಸ್ವಾವಲಂಬಿ ಮಾಡುವುದರಲ್ಲಿ, ಅಂತರ್ಜಲ ಏರಿಸುವುದರಲ್ಲಿ ಫಲ ಕಂಡದ್ದು ಅಲ್ಪ ಎಂದಿತು. ನೀರು ನಿಂತ ಕಡೆ ಹೆಚ್ಚು ನೀರು ಕುಡಿಯುವ ಬೆಳೆ ಹೆಚ್ಚಿತು ಎಂದೂ ಹೇಳಿತು. ನನ್ನ ತಕರಾರಿನ ತಿರುಳೂ ಇದೇ. ಊರಿನ ನೀರಿನ ಆಯವ್ಯಯ ಬರೆಯಬೇಕೆಂದು ಯೋಜನೆಯೇ ಹೇಳಿತ್ತು. ವ್ಯಯದ ಕಡೆ ಕೈ ಹಾಕುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. 60 ಮೀಟರಿಗಿಂತ ಆಳಕ್ಕೆ ಬಾವಿ ಕೊರೆಯುವುದನ್ನು ನಿರ್ಬಂಧಿಸುವ ಅಂತರ್ಜಲ ಕಾಯ್ದೆ ಆ ರಾಜ್ಯದಲ್ಲಿ 2014ರಿಂದಲೇ ಜಾರಿಯಲ್ಲಿದೆ. ಕೊಳವೆಬಾವಿ ಕೊರೆಯುವ ಲಾರಿಗಳಿಗೆ ಅದು ಗೊತ್ತಿದ್ದಂತಿಲ್ಲ.

ಜೇಜುರಿಯ ಹೆಸರನ್ನು ಸಾಹಿತ್ಯಲೋಕಕ್ಕೆ ಮುಟ್ಟಿಸಿದ ಅರುಣ್ ಕೊಲಟ್ಕರ್ ಅವರ 1976ರ ಸಂಕಲನದಲ್ಲಿ ಇಲ್ಲಿನ ಬತ್ತಿದ ಪೇಶ್ವೆ ಕೆರೆಯ ಮೇಲೊಂದು ಪುಟ್ಟ ಕವಿತೆಯಿದೆ. ಅದನ್ನು ಅಳಿದ ವೈಭವದ ವ್ಯಂಗ್ಯವಾಗಿ ಓದುವುದು ರೂಢಿ. ಈಗ ನನಗೆ ಅದು ನಿರ್ವಹಣೆಯ ವರದಿಯಂತೆ ಕಾಣುತ್ತದೆ. ಪೇಶ್ವೆ ಕೆರೆ, ಹೋಳ್ಕರ್ ಕೆರೆ ಎರಡೂ ಒಮ್ಮೆಲೇ ಬಿದ್ದ ಮಳೆಯನ್ನು ಊರಿನ ಮಗ್ಗುಲಲ್ಲೇ ತಡೆದು ನಿಲ್ಲಿಸುವ ಕಟ್ಟಡಗಳು. ವಿಪರೀತ ಮಳೆಗೆ ಬೇಕಾದದ್ದೂ ಅಂಥ ಜಾಗವೇ. ಹಾಗೆಂದು ಹಿಂದಿನವರೆಲ್ಲ ಮಹಾಜ್ಞಾನಿಗಳೆಂದು ಹಾಡುವ ಅಗತ್ಯವಿಲ್ಲ. ಸೋಮವತಿ ಅಮಾವಾಸ್ಯೆಗೆ ಲಕ್ಷಾಂತರ ಜನ ನೆರೆಯುವ, ಕೈಗಾರಿಕಾ ವಸಾಹತು ಇರುವ ಪಟ್ಟಣದ ದಾಹವನ್ನು ಆ ಕೆರೆಗಳು ತಣಿಸಲಾರವು.

ಇನ್ನು ಹೊಲಗಳ ನೀರಿನ ಕೊರತೆ ತುಂಬಲು ಬಂದದ್ದು ಪುರಂದರ ಏತ ನೀರಾವರಿ. ಪುಣೆಯನ್ನು ದಾಟಿ ಬರುವ ಮುಳಾ-ಮುಠಾ ನದಿಯ ನೀರನ್ನು ಮೇಲೆತ್ತಿ ತಾಲ್ಲೂಕಿಗೆ ಹರಿಸುವ ಯೋಜನೆ ಅದು. ಕೋಲಾರದವರಿಗೆ ಕಥೆ ಹೇಳಬೇಕಿಲ್ಲ. ಬೆಂಗಳೂರಿನ ಬಳಸಿ ಬಿಟ್ಟ ನೀರು ಕೆ.ಸಿ. ವ್ಯಾಲಿ ಕೊಳವೆಯಲ್ಲಿ ಬಂದು 2018ರಲ್ಲಿ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆಯೆದ್ದದ್ದು ಅವರಿಗೆ ನೆನಪಿದೆ. ಎರಡು ಕಡೆಯೂ ಅನೇಕ ರೈತರ ನಿಲುವು ಒಂದೇ: ಕೊಳಕೋ ಶುದ್ಧವೋ, ನೀರು ಬರಲಿ. ಅವರನ್ನು ದೂರುವ ಹಕ್ಕು ಮಹಾನಗರದಲ್ಲಿ ಷವರ್ ಕೆಳಗೆ ನಿಂತವರಿಗಂತೂ ಇಲ್ಲ. ಪುರಂದರದಲ್ಲಿ ಈ ನೀರಿನ ವಿದ್ಯುತ್ ಬಿಲ್ಲಿನ ಒಂದು ಪಾಲನ್ನು ರೈತರೇ ಕಟ್ಟಬೇಕು. ನಗರದ ಕೊಳೆಗೆ ಹಳ್ಳಿ ಶುಲ್ಕ ತೆರುವ ಈ ಏರ್ಪಾಡಿಗೆ ಹವಾಮಾನ ಹೊಂದಾಣಿಕೆ ಎಂಬ ಹೆಸರಿಟ್ಟರೆ ನನ್ನ ಒಪ್ಪಿಗೆಯಿಲ್ಲ.

2023ರಲ್ಲಿ ಜಲಯುಕ್ತ ಶಿವಾರದ ಎರಡನೇ ಆವೃತ್ತಿ ಹೊರಟಿತು. ಅದೇ ವರ್ಷ ಅಕ್ಟೋಬರ್ 31ಕ್ಕೆ ಬರಪೀಡಿತವೆಂದು ಸಾರಿದ 40 ತಾಲ್ಲೂಕುಗಳ ಪಟ್ಟಿಯಲ್ಲಿ ಪುರಂದರ ಮತ್ತೆ ಇತ್ತು. ಕರ್ನಾಟಕ ಆ ವರ್ಷ 223 ತಾಲ್ಲೂಕುಗಳನ್ನು ಘೋಷಿಸಿತ್ತಾದ್ದರಿಂದ ನಾವು ನಗುವಂತಿಲ್ಲ. 2025ರಲ್ಲಿ ಮುಂಗಾರು ಮೇ ತಿಂಗಳಲ್ಲೇ ಪುಣೆ ಮುಟ್ಟಿ ಬಾರಾಮತಿ, ಇಂದಾಪುರಗಳನ್ನು ಮುಳುಗಿಸಿತು. ಹೀಗೆ ದಿನ ಲೆಕ್ಕ ತಪ್ಪಿದ ಮಳೆಯ ಕಾಲದಲ್ಲಿ ಎರಡನೇ ಆವೃತ್ತಿಯನ್ನು ಅಳೆಯಲು ಹೊರಡುವ ಅಧಿಕಾರಿ ಎಷ್ಟು ತೋಡಿದಿರಿ ಎಂದು ಕೇಳುವುದನ್ನು ಬಿಟ್ಟು, ಮಾರ್ಚ್ ತಿಂಗಳಲ್ಲಿ ಬಂದು ಬಾವಿಗೆ ಹಗ್ಗ ಇಳಿಬಿಡಲಿ. ಆಮೇಲೆ ಪಕ್ಕದ ಹೊಲದಲ್ಲಿ ಕಬ್ಬಿದೆಯೋ ಜೋಳವಿದೆಯೋ ಬರೆದುಕೊಳ್ಳಲಿ.