ಕ್ರೋಮ್ ಮತ್ತು ಸಿಂದಗಿಯ ಝೆರಾಕ್ಸ್ ಅಂಗಡಿ

ಜಾಹೀರಾತು ತಡೆಯುವ ಹಳೆಯ ಬಗೆಯ ಸಾಧನಗಳನ್ನು ತನ್ನ ಕ್ರೋಮ್ ಬ್ರೌಸರಿನಿಂದ ಹೊರಹಾಕುವ ಕೆಲಸವನ್ನು ಗೂಗಲ್ 2024ರಲ್ಲಿ ಆರಂಭಿಸಿ 2025ರ ಮಧ್ಯಭಾಗದ ಹೊತ್ತಿಗೆ ಮುಗಿಸಿತು. ಸಾಫ್ಟ್‌ವೇರ್ ಬಲ್ಲವರ ನಡುವೆ ಇದರ ಬಗ್ಗೆ ವರ್ಷಗಟ್ಟಲೆ ಜಗಳ ನಡೆದಿದೆ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಂತಹ ಊರುಗಳಲ್ಲಿ ಅದೊಂದು ಸುದ್ದಿಯೇ ಆಗಲಿಲ್ಲ. ಆಗಬೇಕಿತ್ತು ಎಂಬುದು ನಮ್ಮ ಅಭಿಪ್ರಾಯ. ಏಕೆಂದರೆ ಈ ಬದಲಾವಣೆಯ ಪೆಟ್ಟು ಹೆಚ್ಚಾಗಿ ಬೀಳುವುದು ಅದರ ಹೆಸರನ್ನೂ ಕೇಳದವರ ಮೇಲೆ.

ಈ ತಾಲೂಕುಗಳ ಜನ ಅಂತರ್ಜಾಲಕ್ಕೆ ಹೋಗುವುದು ಯಾವುದಕ್ಕೆ? ಹೊಲದ ಉತಾರ ತೆಗೆಯಲು, ಬೆಳೆವಿಮೆ ತುಂಬಲು, ಲಿಂಬೆ-ತೊಗರಿಯ ಧಾರಣೆ ನೋಡಲು, ಮಕ್ಕಳ ಎಸ್ಸೆಸ್ಸೆಲ್ಸಿ ಫಲಿತಾಂಶ ಮತ್ತು ವಿದ್ಯಾರ್ಥಿವೇತನಕ್ಕೆ. ಅದಕ್ಕಿರುವ ದಾರಿ ಎರಡು. ಒಂದು ಕೈಯಲ್ಲಿರುವ ಅಗ್ಗದ ಆಂಡ್ರಾಯ್ಡ್ ಮೊಬೈಲು, ಇನ್ನೊಂದು ತಹಶೀಲ್ದಾರ್ ಕಚೇರಿಯ ಸುತ್ತಮುತ್ತಲಿನ ಝೆರಾಕ್ಸ್ ಅಂಗಡಿಗಳ ಕಂಪ್ಯೂಟರು. ಎರಡರಲ್ಲೂ ಸಾಮಾನ್ಯವಾಗಿ ಕಾಣುವುದು ಕ್ರೋಮ್. ಅದನ್ನು ಯಾರೂ ಆಯ್ದುಕೊಂಡದ್ದಲ್ಲ. ಮೊಬೈಲು ಕೊಂಡಾಗ ಅದರೊಳಗೆ ಇತ್ತು. ಹೀಗೆ ತನ್ನ ಸರಕನ್ನೆಲ್ಲ ಮೊಬೈಲಿನೊಳಗೆ ಮೊದಲೇ ಕೂರಿಸಿಕೊಡುವಂತೆ ತಯಾರಕರನ್ನು ಕಟ್ಟಿಹಾಕಿದ್ದಕ್ಕಾಗಿ ಭಾರತದ ಸ್ಪರ್ಧಾ ಆಯೋಗ 2022ರಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. 2023ರಲ್ಲಿ ಮೇಲ್ಮನವಿ ನ್ಯಾಯಮಂಡಳಿಯೂ ಆ ದಂಡವನ್ನು ಎತ್ತಿಹಿಡಿಯಿತು.

ಬದಲಾದದ್ದು ಏನು ಎಂಬುದನ್ನು ಸರಳವಾಗಿ ಹೇಳುವುದಾದರೆ ಹೀಗೆ. ಬ್ರೌಸರಿಗೆ ಹೊರಗಿನವರು ಸೇರಿಸುವ ಸಣ್ಣ ತಂತ್ರಾಂಶಗಳನ್ನು ವಿಸ್ತರಣೆ ಎನ್ನುತ್ತಾರೆ. ರೇಮಂಡ್ ಹಿಲ್ ಎಂಬವರು ಹಣ ಪಡೆಯದೆ ನಡೆಸಿಕೊಂಡು ಬಂದಿರುವ ಯುಬ್ಲಾಕ್ ಆರಿಜಿನ್ ಅಂತಹದ್ದೊಂದು. ಅದು ಬಾಗಿಲಲ್ಲಿ ನಿಂತ ಕಾವಲುಗಾರನಂತೆ ಕೆಲಸ ಮಾಡುತ್ತಿತ್ತು. ಪುಟದೊಳಗೆ ಬರುವ ಪ್ರತಿಯೊಂದನ್ನೂ ತಡೆದು ನಿಲ್ಲಿಸಿ, ನೋಡಿ, ಬೇಡವಾದದ್ದನ್ನು ಹಿಂದಕ್ಕೆ ಕಳಿಸುತ್ತಿತ್ತು. 2018ರಲ್ಲಿ ಗೂಗಲ್ ಮುಂದಿಟ್ಟ ಮ್ಯಾನಿಫೆಸ್ಟ್ ವಿ3 ಎಂಬ ಹೊಸ ನಿಯಮದ ಪ್ರಕಾರ ಕಾವಲುಗಾರ ಬಾಗಿಲಲ್ಲಿ ನಿಲ್ಲುವಂತಿಲ್ಲ. ಯಾರನ್ನು ಬಿಡಬಾರದು ಎಂಬ ಪಟ್ಟಿಯನ್ನು ಅವನು ಮೊದಲೇ ಬರೆದು ಮನೆಯ ಯಜಮಾನನಿಗೆ ಕೊಡಬೇಕು, ತಡೆಯುವವನು ಯಜಮಾನನೇ. ಪಟ್ಟಿ ಎಷ್ಟು ಉದ್ದ ಇರಬಹುದು ಎಂಬುದನ್ನೂ ಅವನೇ ನಿರ್ಧರಿಸುತ್ತಾನೆ. ಮೊದಲು ಹೇಳಿದ ಮಿತಿ 30,000 ನಿಯಮಗಳು. ಕೂಗೆದ್ದ ಮೇಲೆ ಅದನ್ನು ಸಡಿಲಿಸಲಾಯಿತು. ಜಾಹೀರಾತು ತಡೆ ಕ್ರೋಮಿನಲ್ಲಿ ಪೂರ್ತಿ ಸತ್ತಿದೆ ಎನ್ನುವುದು ಸರಿಯಲ್ಲ. ಯುಬ್ಲಾಕ್ ಆರಿಜಿನ್ ಲೈಟ್ ಎಂಬ ಹಗುರ ರೂಪ ಈಗಲೂ ಸಿಗುತ್ತದೆ, ಸಾಮಾನ್ಯ ಜಾಹೀರಾತುಗಳನ್ನು ತಡೆಯುತ್ತದೆ. ಆದರೆ ದಿನಕ್ಕೊಂದು ವೇಷ ಹಾಕಿ ಬರುವವರನ್ನು ಗುರುತಿಸುವ ಶಕ್ತಿ ಅದಕ್ಕೆ ಕಡಿಮೆ.

ಗೂಗಲ್ ಕೊಡುವ ಸಮರ್ಥನೆ ಭದ್ರತೆಯದ್ದು. ಪುಟದ ಎಲ್ಲವನ್ನೂ ನೋಡಬಲ್ಲ ವಿಸ್ತರಣೆ ಕೆಟ್ಟವರ ಕೈಗೆ ಸಿಕ್ಕರೆ ಅಪಾಯ ಎನ್ನುತ್ತದೆ ಅದು. ಈ ಮಾತಿನಲ್ಲಿ ಸತ್ಯಾಂಶ ಇಲ್ಲದಿಲ್ಲ. ವಿಸ್ತರಣೆಯ ಸೋಗಿನಲ್ಲಿ ಕದ್ದವರು ಇದ್ದಾರೆ. ಆದರೆ ಹೊಸ ನಿಯಮದಲ್ಲೂ ಪುಟಗಳನ್ನು ಓದುವ ಅನುಮತಿಯನ್ನು ವಿಸ್ತರಣೆ ಕೇಳಬಹುದು, ಪಡೆಯಬಹುದು. ನಿಂತುಹೋದದ್ದು ಓದುವುದಲ್ಲ, ತಡೆಯುವುದು. 2023ರಲ್ಲಿ ಗೂಗಲಿನ ಮಾತೃಸಂಸ್ಥೆ ಆಲ್ಫಬೆಟ್‌ನ ಒಟ್ಟು ಆದಾಯ ಸುಮಾರು 307 ಶತಕೋಟಿ ಡಾಲರ್. ಅದರಲ್ಲಿ ಸುಮಾರು 238 ಶತಕೋಟಿ ಜಾಹೀರಾತಿನದು. ಬೀದಿಯ ವ್ಯಾಪಾರಿಗಳಿಂದ ಬಾಡಿಗೆ ಪಡೆಯುವವನೇ ನಮ್ಮ ಮನೆಯ ಬಾಗಿಲನ್ನೂ ಕಾಯುತ್ತೇನೆಂದರೆ ಒಮ್ಮೆ ಯೋಚಿಸಬೇಕಾಗುತ್ತದೆ.

ಹಾಗೆಂದು ಜಾಹೀರಾತೇ ಪಾಪ ಎನ್ನುವವರು ನಾವಲ್ಲ. ಮಾಸಪತ್ರಿಕೆಗಳು ಚಂದಾ ಹಣದಿಂದಲೇ ಬದುಕುವುದಿಲ್ಲ, ಕನ್ನಡದ ಸಣ್ಣ ಸುದ್ದಿತಾಣಗಳೂ ಅಷ್ಟೆ. ಎಲ್ಲರೂ ಎಲ್ಲವನ್ನೂ ತಡೆದರೆ ಮೊದಲು ಮುಚ್ಚುವುದು ಅವುಗಳ ಬಾಗಿಲು. ಆದರೆ ಪತ್ರಿಕೆಯ ಹಿಂಬದಿಯ ಪುಟದಲ್ಲಿ ಅಚ್ಚಾದ ಜವಳಿ ಅಂಗಡಿಯ ಜಾಹೀರಾತು ನೀವು ಯಾರು, ಎಲ್ಲಿದ್ದೀರಿ, ಮುಂಚೆ ಏನು ಓದಿದಿರಿ ಎಂದು ಬರೆದಿಟ್ಟುಕೊಳ್ಳುವುದಿಲ್ಲ. ಅಂತರ್ಜಾಲದ ಜಾಹೀರಾತು ವ್ಯವಹಾರ ನಿಂತಿರುವುದೇ ಆ ಬರೆದಿಡುವಿಕೆಯ ಮೇಲೆ. ಇದು ಎಲ್ಲಿಗೆ ಮುಟ್ಟಬಹುದು ಎಂಬುದನ್ನು ನಮಾಝಿನ ಸಮಯ ಮತ್ತು ಕಿಬ್ಲಾದ ದಿಕ್ಕು ತೋರಿಸುವ ಮುಸ್ಲಿಮ್ ಪ್ರೊ ಎಂಬ ಆ್ಯಪ್‌ನ ಪ್ರಕರಣ ತೋರಿಸಿಕೊಟ್ಟಿತು. ಅದರ ಬಳಕೆದಾರರ ಸ್ಥಳದ ವಿವರ ಎಕ್ಸ್-ಮೋಡ್ ಎಂಬ ದತ್ತಾಂಶ ವ್ಯಾಪಾರಿಗೆ ಹೋಗುತ್ತಿತ್ತೆಂದೂ, ಆ ವ್ಯಾಪಾರಿಯ ಗಿರಾಕಿಗಳಲ್ಲಿ ಅಮೆರಿಕದ ಸೇನೆಯ ಗುತ್ತಿಗೆದಾರರಿದ್ದರೆಂದೂ 2020ರ ನವೆಂಬರಿನಲ್ಲಿ ಪತ್ರಕರ್ತರು ಬಯಲಿಗೆಳೆದರು. ಆ ಬಳಿಕ ಆ್ಯಪ್ ತನ್ನ ಸಂಬಂಧ ಕಡಿದುಕೊಂಡಿತು. ಅದು ಬ್ರೌಸರಿನ ಕಥೆಯಲ್ಲ, ನಿಜ. ಸಂತೆ ಮಾತ್ರ ಒಂದೇ.

ಇನ್ನೊಂದು ತೊಂದರೆ ಕಣ್ಣಿಗೆ ಕಾಣುವಂತಹದ್ದು. ಬ್ರೌಸರಿಗೆ ಹೊಸಬನಾದವನಿಗೆ ಪುಟದಲ್ಲಿ 'ಡೌನ್‌ಲೋಡ್' ಎಂದು ಹೊಳೆಯುವ ಮೂರು ಗುಂಡಿಗಳಲ್ಲಿ ನಿಜವಾದದ್ದು ಯಾವುದೆಂದು ತಿಳಿಯುವುದಿಲ್ಲ. ಬ್ಯಾಂಕಿನ ಸಹಾಯವಾಣಿ ಹುಡುಕಿದರೆ ಮೇಲೆ ಬರುವುದು ಹಣ ಕೊಟ್ಟವನ ಸಂಖ್ಯೆಯೂ ಆಗಿರಬಹುದು. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ 2022ರ ಡಿಸೆಂಬರಿನಲ್ಲಿ, ಹುಡುಕಾಟದ ಮೇಲ್ಭಾಗದಲ್ಲಿ ವಂಚಕರು ಜಾಹೀರಾತು ಹಾಕುತ್ತಿದ್ದಾರೆ, ಜಾಹೀರಾತು ತಡೆ ಬಳಸಿ ಎಂದು ತನ್ನ ನಾಗರಿಕರಿಗೆ ಹೇಳಿತು. ನಮ್ಮಲ್ಲಿ ಹಣ ಹೋದ ಮೇಲೆ ಕರೆ ಮಾಡಲು 1930 ಎಂಬ ಸಂಖ್ಯೆ ಇದೆ. ಹೋಗುವ ಮೊದಲಿನ ಇಂತಹ ಸಲಹೆ ಕನ್ನಡದಲ್ಲಿ ಅಷ್ಟಾಗಿ ಕೇಳಿಬಂದಿಲ್ಲ.

ಹಾಗಾದರೆ ಯಾವುದನ್ನು ಆಯ್ದುಕೊಳ್ಳುವುದು? ಎಡ್ಜ್, ಒಪೆರಾ, ವಿವಾಲ್ಡಿಗಳು ಹೆಸರಿಗೆ ಬೇರೆಯಾದರೂ ಕ್ರೋಮಿನ ಅಡಿಪಾಯವಾದ ಕ್ರೋಮಿಯಂ ಮೇಲೆಯೇ ನಿಂತಿವೆ. ಅಡಿಪಾಯ ಬದಲಾದರೆ ಗೋಡೆಯೂ ಬದಲಾಗಬೇಕು. ಬ್ರೇವ್ ಕೂಡ ಅದೇ ಅಡಿಪಾಯದ್ದು. ಆದರೆ ಅದರಲ್ಲಿ ತಡೆಯುವ ಸಾಧನ ಬ್ರೌಸರಿನ ಒಳಗೇ ಇರುವುದರಿಂದ ವಿಸ್ತರಣೆಯ ನಿಯಮ ಅದನ್ನು ಮುಟ್ಟುವುದಿಲ್ಲ, ಮೊಬೈಲಿನಲ್ಲೂ ಹಾಕಿಕೊಂಡ ಕೂಡಲೇ ಕೆಲಸ ಮಾಡುತ್ತದೆ. ಅದರ ಕಂಪೆನಿಗೆ ತನ್ನದೇ ಜಾಹೀರಾತು ವ್ಯವಹಾರ, ಕ್ರಿಪ್ಟೊ ನಾಣ್ಯದ ವ್ಯವಹಾರ ಇದೆ. ಬಳಕೆದಾರರು ಬರೆದ ವಿಳಾಸಕ್ಕೆ ತನಗೆ ಲಾಭ ತರುವ ಬಾಲವನ್ನು ಅಂಟಿಸಿ 2020ರಲ್ಲಿ ಅದು ಸಿಕ್ಕಿಬಿದ್ದದ್ದೂ ಉಂಟು.

ನಮ್ಮ ಒಲವು ಫೈರ್‌ಫಾಕ್ಸ್ ಕಡೆಗೆ. ಅದರ ಅಡಿಪಾಯ ಬೇರೆ, ಯುಬ್ಲಾಕ್ ಆರಿಜಿನ್ ತನ್ನ ಪೂರ್ಣ ರೂಪದಲ್ಲಿ ಅಲ್ಲಿ ನಡೆಯುತ್ತದೆ, ಕನ್ನಡದ ಮೆನು ಇದೆ. ಎಲ್ಲಕ್ಕಿಂತ ಮುಖ್ಯವಾಗಿ ಆಂಡ್ರಾಯ್ಡ್ ಮೊಬೈಲಿನಲ್ಲೂ ವಿಸ್ತರಣೆ ಹಾಕಲು ಬಿಡುತ್ತದೆ. ಕ್ರೋಮ್ ಆ ಸೌಲಭ್ಯವನ್ನು ಆಂಡ್ರಾಯ್ಡ್ ಮೊಬೈಲಿನಲ್ಲಿ ಎಂದೂ ಕೊಟ್ಟಿಲ್ಲ. ಹಾಗೆ ನೋಡಿದರೆ ನಗರದವರು 2024ರಲ್ಲಿ ಕಳೆದುಕೊಂಡದ್ದನ್ನು ಮೊಬೈಲೊಂದನ್ನೇ ನಂಬಿದ ಬಾಗೇವಾಡಿಯ ಓದುಗ ಪಡೆದೇ ಇರಲಿಲ್ಲ. ಫೈರ್‌ಫಾಕ್ಸ್ ದೋಷರಹಿತವೇನಲ್ಲ. ಅದರ ಆದಾಯದ ಬಹುಪಾಲು ಬರುವುದು ಹುಡುಕಾಟದ ಒಪ್ಪಂದಕ್ಕಾಗಿ ಗೂಗಲ್ ಕೊಡುವ ಹಣದಿಂದ. ನಿಮ್ಮ ಮಾಹಿತಿಯನ್ನು ಎಂದೂ ಮಾರುವುದಿಲ್ಲ ಎಂಬ ಹಳೆಯ ವಾಗ್ದಾನದ ಮಾತುಗಳನ್ನು ಅದು 2025ರ ಫೆಬ್ರವರಿಯಲ್ಲಿ ತೆಗೆದುಹಾಕಿ ಟೀಕೆಗೆ ಗುರಿಯಾಯಿತು. ಕೆಲವು ಬ್ಯಾಂಕು ಮತ್ತು ಅರ್ಜಿಯ ತಾಣಗಳು ಅದರಲ್ಲಿ ತಕರಾರು ಮಾಡುತ್ತವೆ. ಅಂತಹ ಹೊತ್ತಿಗೆ ಕ್ರೋಮನ್ನು ಪಕ್ಕದಲ್ಲಿ ಇಟ್ಟುಕೊಳ್ಳುವುದರಲ್ಲಿ ತಪ್ಪೇನಿಲ್ಲ. ಯೂಟ್ಯೂಬ್ ಆ್ಯಪ್ ಒಳಗಿನ ಜಾಹೀರಾತನ್ನು ಯಾವ ಬ್ರೌಸರೂ ತಡೆಯಲಾರದು ಎಂಬುದನ್ನೂ ಹೇಳಿಬಿಡಬೇಕು. ಇಷ್ಟವಾದ ಸಣ್ಣ ಕನ್ನಡ ತಾಣ ಇದ್ದರೆ, ಅದೊಂದರ ಮಟ್ಟಿಗೆ ತಡೆಯನ್ನು ಆರಿಸಿಡುವ ಗುಂಡಿ ಯುಬ್ಲಾಕ್‌ನಲ್ಲೇ ಇದೆ.

ಇನ್ನು ಝೆರಾಕ್ಸ್ ಅಂಗಡಿಯ ಕಂಪ್ಯೂಟರು. ಒಂದು ಯಂತ್ರದ ಮುಂದೆ ದಿನವಿಡೀ ಹತ್ತಾರು ಜನರ ಆಧಾರ್, ಉತಾರ, ಬ್ಯಾಂಕ್ ಪಾಸ್‌ಬುಕ್ ಹಾದುಹೋಗುತ್ತವೆ. ಹಾಗಾಗಿ ಒಬ್ಬ ಅಂಗಡಿಯಾತ ಬ್ರೌಸರ್ ಬದಲಿಸಿದರೆ ಒಂದು ಓಣಿಯೇ ಬದಲಿಸಿದಂತೆ. ಇಂತಹ ಕಡೆ ವಿಂಡೋಸ್ 7ರ ಹಳೆಯ ಯಂತ್ರಗಳು ಬೇಗ ಮೂಲೆ ಸೇರುವುದಿಲ್ಲ. ಕ್ರೋಮ್ 2023ರ ಆರಂಭದಲ್ಲೇ ಅವುಗಳ ಕೈಬಿಟ್ಟಿತು. ಫೈರ್‌ಫಾಕ್ಸ್ ತನ್ನ 115ನೇ ಆವೃತ್ತಿಯ ಮೂಲಕ ಅವುಗಳಿಗೆ ಆ ಬಳಿಕವೂ ಭದ್ರತೆಯ ತಿದ್ದುಪಡಿಗಳನ್ನು ಕಳಿಸುತ್ತಾ ಬಂತು. ಸಿಂದಗಿಯಲ್ಲೋ ಮುದ್ದೇಬಿಹಾಳದಲ್ಲೋ ಅರ್ಜಿ ತುಂಬಿಸಲು ಸಾಲಿನಲ್ಲಿ ನಿಂತಾಗ ಅಂಗಡಿಯಾತನನ್ನು ಒಮ್ಮೆ ಕೇಳಿ ನೋಡಿ: ಅಣ್ಣ, ಇದರಲ್ಲಿ ಯಾವ ಬ್ರೌಸರ್ ಹಾಕಿದ್ದೀರಿ, ಕೊನೆಯ ಸಲ ಅಪ್‌ಡೇಟ್ ಮಾಡಿದ್ದು ಯಾವಾಗ?